‘ನಮಗೇನ್ ತಿಳೀತೈತ್ರೀ’ ಅನ್ನಬೇಡಿ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇವತ್ತು ಪಾಠ ಇಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅವ್ವಂದಿರ ಹತ್ತಿರ ಸ್ವಲ್ಪ ಮಾತಾಡಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಕೇಳುತ್ತಿದ್ದರೆ ಪೂರ್ತಿ ಕೇಳಿ.

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ನಾಟಿ ಸಮಯ, ಬಂದವರು ಕಮ್ಮಿ. ಒಬ್ಬರು ಗದ್ದೆಯಿಂದ ಸೀದಾ ಬಂದಿದ್ದರು. ಮೊಣಕಾಲಿನ ತನಕ ಕೆಸರು ಒಣಗಿ ಬೆಳ್ಳಗಾಗಿತ್ತು. ಹೊರಗೇ ಚಪ್ಪಲಿ ಬಿಟ್ಟರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲ ಹತ್ತಿರ ನಿಂತರು. ಒಂಬತ್ತನೇ ಕ್ಲಾಸಿನ ಮಗ ಹಿಂದೆ ನಿಂತಿದ್ದ. ಟೆಸ್ಟಿನಲ್ಲಿ 20ಕ್ಕೆ 3 ಬಂದಿದೆ, ಮನೆಯಲ್ಲೂ ಸ್ವಲ್ಪ ಗಮನ ಕೊಡಿ ಅಂದೆ.

ಅವರು ಎರಡೂ ಕೈ ಮುಗಿದರು. “ನಮಗೇನ್ ತಿಳೀತೈತ್ರೀ ಮೇಡಂ. ನಾವು ಸಾಲಿ ಕಲ್ತವರಲ್ಲ. ಬಡೀರಿ, ಬೈರಿ, ನಿಮಗ ಬಿಟ್ಟೀವಿ.”

ಹೆಬ್ಬೆಟ್ಟು ಒತ್ತಿ ಹೋದರು. ಮಗ ನೆಲ ನೋಡುತ್ತಾ ಹಿಂದೆ ಹೋದ.

ಅರ್ಧ ದಿನದ ಕೆಲಸ ಬಿಟ್ಟು ಬಂದವರನ್ನು ಮಕ್ಕಳ ಮೇಲೆ ಕಾಳಜಿ ಇಲ್ಲದವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಆ ಮಾತು ಆಡಿದ್ದು ನನ್ನ ಮೇಲಿನ ಮರ್ಯಾದೆಯಿಂದ. ಆದರೆ ಆ ಹುಡುಗನ ಕಿವಿಗೆ ಬಿದ್ದದ್ದೇ ಬೇರೆ. ನನ್ನ ಓದಿಗೂ ನಮ್ಮಪ್ಪನಿಗೂ ಸಂಬಂಧ ಇಲ್ಲ, ಅದು ಮೇಡಂ ಪಾಲಿನ ಕೆಲಸ. 14 ವರ್ಷದವನ ತಲೆಯಲ್ಲಿ ಇದು ಒಂದು ಸಲ ಕೂತುಬಿಟ್ಟರೆ, ನಾನು ಬೋರ್ಡಿನ ಮುಂದೆ ಎಷ್ಟು ಗಂಟಲು ಹರಿದುಕೊಂಡರೂ ಅಷ್ಟೇ. ಬಡಿಯುವ ಮಾತಂತೂ ಬಿಡಿ. ಕಾನೂನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಈ ವಯಸ್ಸಿನ ಬಗ್ಗೆಯೇ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಎಲ್ಲರೂ ಕೈ ಬಿಡುವುದು ಇದೇ ವಯಸ್ಸಿನಲ್ಲಿ. ಒಂದನೇ ಕ್ಲಾಸಿಗೆ ಮಕ್ಕಳನ್ನು ಬೆರಳು ಹಿಡಿದು ಕರೆದುಕೊಂಡು ಬರುತ್ತೇವೆ. ಬಳಪ ಕಳೆದರೆ ಅವತ್ತೇ ಕೊಡಿಸುತ್ತೇವೆ. ಎಂಟನೇ ಕ್ಲಾಸಿಗೆ ಬಂದರೆ, ದೊಡ್ಡವನಾದ, ಅವನೇ ನೋಡಿಕೊಳ್ಳುತ್ತಾನೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ 6ರಿಂದ 14 ವರ್ಷದ ತನಕ ಮಾತ್ರ. ಬಿಸಿಯೂಟ ಒಂದು ಹತ್ತನೇ ಕ್ಲಾಸಿನ ತನಕ ಕಾಯುತ್ತದೆ. ಆ ಊಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲೇ. ಮಕ್ಕಳನ್ನು ಶಾಲೆಗೆ ತರುವುದು ಇಲ್ಲಿ ಎಷ್ಟು ಕಷ್ಟ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಅದೇ ವಯಸ್ಸಿಗೆ ಮಕ್ಕಳ ಕೈಗೆ ಕೂಲಿಯೂ ಸಿಗಲು ಶುರುವಾಗುತ್ತದೆ. ದಸರಾ ರಜೆ ಮುಗಿದ ಮೇಲೆ ನನ್ನ ಹಾಜರಿ ಪುಸ್ತಕ ನೋಡಬೇಕು. ಹತ್ತಿ ಬಿಡಿಸಲು ಹೋದವರು, ಭತ್ತದ ಕೊಯ್ಲಿಗೆ ಹೋದವರು, ಆಮೇಲೆ ಮೆಣಸಿನಕಾಯಿ. ನವೆಂಬರಿನಿಂದ ಜನವರಿ ತನಕ ಸಾಲು ಸಾಲಾಗಿ ಗೈರು. ಹತ್ತನೇ ಕ್ಲಾಸಿನ ಪಾಠ ಮುಗಿಸುವುದೂ ಅದೇ ತಿಂಗಳುಗಳಲ್ಲಿ. ಪರೀಕ್ಷೆ ಮಾರ್ಚಿಗೆ ಬಂದು ಕೂತಿರುತ್ತದೆ.

ಓದು ಬರದ ಅಪ್ಪ ಅವ್ವ ಏನು ಮಾಡಬಹುದು? ಇದಕ್ಕೆ ನನ್ನ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಮೂರು ದಿನ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಬೈಯಬೇಕು ಅಂತಲೇ ಹೋಗಿದ್ದೆ. ಅವಳ ತಂದೆ ಇಲ್ಲ, ತಾಯಿ ಬೇರೆಯವರ ಹೊಲ ಪಾಲಿಗೆ ಮಾಡುತ್ತಾರೆ. ತಾಯಿ ಮಗಳು ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಮಧ್ಯೆ ಒಂದು ಚೀಟಿ, ಮೇಲೆ ಒಂದು ಕಲ್ಲು ಇಟ್ಟಿದ್ದರು, ಗಾಳಿಗೆ ಹಾರದಿರಲಿ ಅಂತ. ದಲಾಲಿ ಅಂಗಡಿಯಲ್ಲಿ ಕೊಟ್ಟ ತಕ್‌ಪಟ್ಟಿ ಅದು. ಭತ್ತ ಮಾರಿದ ಲೆಕ್ಕ.

ತಾಯಿಗೆ ಓದಲು ಬರುವುದಿಲ್ಲ. ಆದರೆ ಪ್ರಶ್ನೆ ಎಲ್ಲಾ ಅವರದ್ದೇ. “ಎಷ್ಟು ಚೀಲ ಬರದಾರ?” “42 ಅವ್ವ.” “ಚೀಲಕ್ಕ ಎಷ್ಟು ತೂಕ?” “75 ಕೆಜಿ.” “ಹಮಾಲಿ ಎಷ್ಟು ಹಿಡಿದಾರ? ಅದರ ಕೆಳಗಿಂದು ಏನು?” ಕೆಳಗಿನ ಸಾಲು ಹುಡುಗಿಗೆ ಗೊತ್ತಾಗಲಿಲ್ಲ. ನನ್ನ ಮುಖ ನೋಡಿದಳು. ನಾನು ಸುಮ್ನೆ ಇದ್ದೆ. ಮತ್ತೆ ಓದಿದಳು, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುಣಿಸಿದಳು. ಚೀಲಕ್ಕೆ 2 ಕೆಜಿ ತೂಕ ಮುರಿದಿದ್ದರು. 42 ಚೀಲಕ್ಕೆ 84 ಕೆಜಿ.

“ಯವ್ವಾ, ಒಂದು ಚೀಲಕ್ಕಿಂತ ಜಾಸ್ತಿ ಹೋಗೈತಿ!”

ತಾಯಿ ಎದ್ದು ಒಳಗೆ ಹೋದರು. ಟ್ರಂಕಿನಿಂದ ಹೋದ ವರ್ಷದ ಪಟ್ಟಿ ತಂದು ಅದನ್ನೂ ಮಗಳ ಮುಂದೆ ಇಟ್ಟರು. “ಇದರಾಗೂ ಮುರಿದಾರೇನು ನೋಡು.” ಆಮೇಲೆ ನನ್ನ ಕಡೆ ತಿರುಗಿ, “ಕೊಯ್ಲು ಮುಗೀತ್ರೀ ಮೇಡಂ, ನಾಳೆಯಿಂದ ಕಳಿಸ್ತೀನಿ” ಅಂದರು. ಕಳಿಸಿದರು ಕೂಡ. ನಾನು ಅವತ್ತು ಯಾರನ್ನೂ ಬೈಯಲಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಆ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ, ಹೆಸರು ಹೇಳದೆ. ಶೇಕಡಾವಾರು ಅನ್ನುವುದು ಅಷ್ಟು ಬೇಗ ಮಕ್ಕಳಿಗೆ ತಿಳಿದದ್ದು ನಾನು ನೋಡಿಲ್ಲ.

ಆ ತಾಯಿಗೆ ಅಕ್ಷರ ಬರುವುದಿಲ್ಲ, ಆದರೆ ಏನು ಕೇಳಬೇಕು ಅಂತ ಗೊತ್ತಿತ್ತು. ನಿನ್ನ ಓದು ಈ ಮನೆಗೆ ಬೇಕು ಅಂತ ಮಗಳಿಗೆ ಬಾಯಿ ಬಿಟ್ಟು ಹೇಳಲೇ ಇಲ್ಲ. ಪಟ್ಟಿ ಕೈಗೆ ಕೊಟ್ಟರು ಅಷ್ಟೇ.

ಇನ್ನೊಂದು ಮಾತು. ಮಕ್ಕಳಿಗೆ ಮನೆಯ ಕಷ್ಟ ಗೊತ್ತಿಲ್ಲ ಅಂದುಕೊಳ್ಳುತ್ತೇವೆ. ಎಲ್ಲಾ ಗೊತ್ತಿರುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆ ವಾರ ನನ್ನ ಕ್ಲಾಸಿನಲ್ಲಿ ಪಾಠ ಕೇಳುವವರೇ ಇರಲಿಲ್ಲ. ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು, ಎರಡನೇ ಬೆಳೆಗೆ ಬಿಡುತ್ತಾರಾ, ಎಲ್ಲಾ ಟಿಎಂಸಿ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಊಟದ ಹೊತ್ತಿನಲ್ಲಿ ಬಂದು ಕೇಳಿದ. “ಮೇಡಂ, ಬೆಳಿ ಬರಲಿಲ್ಲ ಅಂದ್ರ ನಾವು ಬೆಂಗಳೂರಿಗೆ ಹೋಗ್ತೀವಿ. ಪರೀಕ್ಷೆ ಅಲ್ಲಿ ಬರೀಬೋದಾ?” ಮನೆಯಲ್ಲಿ ಯಾರೂ ಅವನ ಹತ್ತಿರ ಈ ಬಗ್ಗೆ ಮಾತಾಡಿರಲಿಲ್ಲ. ರಾತ್ರಿ ಅಪ್ಪ ಅವ್ವ ಮಾತಾಡುವುದನ್ನು ಮಲಗಿಕೊಂಡು ಕೇಳಿದ್ದ. ಒಂದು ವಾರ ಒಬ್ಬನೇ ಆ ಭಯ ಹೊತ್ತುಕೊಂಡು ತಿರುಗಿದ್ದ. ತಾತ್ಕಾಲಿಕ ಗೇಟು ಕೂಡಿಸಿದರು, ನೀರು ಉಳಿಯಿತು, ಅವರು ಗುಳೆ ಹೋಗಲಿಲ್ಲ. ಆದರೆ ಆ ವಾರ ಅವನ ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡು, “ತಮ್ಮ, ಏನೇ ಆದರೂ ನಿನ್ನ ಹತ್ತನೇದು ಇಲ್ಲೇ ಮುಗಿಸ್ತೀವಿ” ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದಕ್ಕೆ ಯಾವ ಡಿಗ್ರಿ ಬೇಕು?

ಓದಿದವರ ಮನೆಯಲ್ಲಿ ಎಲ್ಲಾ ಸರಿ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಮನೆಯದ್ದೇ ಹೇಳುತ್ತೇನೆ. ನನ್ನ ಮಗನಿಗೆ ಹತ್ತನೇ ಕ್ಲಾಸಿನಲ್ಲಿ 81 ಪರ್ಸೆಂಟ್ ಬಂತು. ಪಿಯುಸಿಗೆ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಹಾಕಿಸಿದೆ. ಅರ್ಜಿಯನ್ನು ನಾನೇ ತುಂಬಿದೆ, ನಾನೇ ಹೋಗಿ ಕೊಟ್ಟು ಬಂದೆ. ಅವನನ್ನು ಕೇಳಲಿಲ್ಲ. ಅವನು ಚಿಕ್ಕವನಿದ್ದಾಗಿನಿಂದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕೂರುವವನು. ಅಕ್ಕಪಕ್ಕದವರ ಮನೆಯಲ್ಲಿ ಫ್ಯಾನ್ ನಿಂತರೆ ಇವನನ್ನೇ ಕರೆಯುತ್ತಿದ್ದರು. ನಾನು ಅದನ್ನು ಆಟ ಅಂದುಕೊಂಡೆ. ಫಸ್ಟ್ ಪಿಯುನಲ್ಲಿ ಎರಡು ವಿಷಯ ಫೇಲಾದ. ಅದರಲ್ಲಿ ಒಂದು ಗಣಿತ. ಗಣಿತದ ಟೀಚರ್ ಮಗ. ನಾಲ್ಕು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ನೋಡಿಕೊಂಡು ಉಂಡು ಎದ್ದು ಹೋಗುತ್ತಿದ್ದ. ಕೊನೆಗೆ ಒಂದು ರಾತ್ರಿ ನಾನೇ ಹೋಗಿ ಅವನ ಹಾಸಿಗೆ ಹತ್ತಿರ ಕೂತೆ. “ತಪ್ಪು ನಂದು. ನಿನಗೆ ಏನು ಮಾಡಬೇಕು ಅಂತ ಐತಿ, ಹೇಳು” ಅಂದೆ. “ಡಿಪ್ಲೊಮಾ, ಎಲೆಕ್ಟ್ರಿಕಲ್” ಅಂದ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಯಾವಾಗಲೋ ಯೋಚಿಸಿ ಇಟ್ಟುಕೊಂಡಿದ್ದ, ಕೇಳುವವರು ಇರಲಿಲ್ಲ.

ಹತ್ತನೇ ಕ್ಲಾಸ್ ಪಾಸಾದವರು ಸೀದಾ ಪಾಲಿಟೆಕ್ನಿಕ್ಕಿಗೆ ಹೋಗಬಹುದು, ಮೂರು ವರ್ಷ. ಆಮೇಲೆ ಡಿಪ್ಲೊಮಾ ಮುಗಿಸಿದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಇದೆ. ರೈತರ ಮಕ್ಕಳಿಗೆ ಕೃಷಿ ಡಿಪ್ಲೊಮಾ ಇದೆ. ಇದೆಲ್ಲಾ ನನಗೆ ಗೊತ್ತಿತ್ತು. ಬೇರೆಯವರ ಮಕ್ಕಳಿಗೆ ಹೇಳುತ್ತಲೂ ಇದ್ದೆ. ನನ್ನ ಮಗನ ವಿಷಯ ಬಂದಾಗ ನೆನಪಿಗೆ ಬರಲಿಲ್ಲ. ಒಂದು ವರ್ಷ ಹೋಯಿತು ಅಂತ ನನಗೆ ದುಃಖ ಇಲ್ಲ. ಆ ನಾಲ್ಕು ತಿಂಗಳು ಅವನು ಒಬ್ಬನೇ ಇದ್ದ ಅಂತ ದುಃಖ ಇದೆ.

ಹೆಣ್ಣು ಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಜಾಸ್ತಿ ಬರುತ್ತದೆ. ಹತ್ತನೇದು ಮುಗೀತು, ಸಂಬಂಧ ಬಂದೈತಿ, ಮನೆತನ ಚಲೋ ಐತಿ. ಪ್ರತಿ ವರ್ಷ ಏಪ್ರಿಲ್ ಮೇ ಬಂದರೆ ಈ ಮಾತು ಕಿವಿಗೆ ಬೀಳುತ್ತದೆ. 18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕದಲ್ಲಿ 2016ರ ತಿದ್ದುಪಡಿ ಆದಮೇಲೆ ಅಂಥ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಬಂದು ನಿಲ್ಲಿಸುತ್ತಾರೆ. ಆದರೆ ಅಪ್ಪ ಅವ್ವನ ಭಯವೂ ಸುಳ್ಳಲ್ಲ. ಗುಳೆ ಹೋಗಬೇಕು, ವಯಸ್ಸಿಗೆ ಬಂದ ಹುಡುಗಿಯನ್ನು ಯಾರ ಹತ್ತಿರ ಬಿಡುವುದು? ಕಾಲೇಜು 20 ಕಿಲೋಮೀಟರ್ ದೂರ, ಸಂಜೆ ಬಸ್ಸು ತಪ್ಪಿದರೆ ಏನು ಗತಿ? ಈ ಪ್ರಶ್ನೆಗಳನ್ನು ನನ್ನ ಹತ್ತಿರ ತನ್ನಿ, ಹೆಡ್‌ಮಾಸ್ಟರ ಹತ್ತಿರ ಒಯ್ಯಿರಿ. ಹಾಸ್ಟೆಲಿಗೆ ಅರ್ಜಿ ಹಾಕೋಣ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣು ಮಕ್ಕಳಿಗೆ ಟಿಕೆಟ್ ಇಲ್ಲ, ಆ ಖರ್ಚು ತಪ್ಪಿದೆ. ಬಸ್ಸಿನ ಟೈಮ್ ಸರಿ ಇಲ್ಲ ಅಂದರೆ ನಾಲ್ಕು ಜನ ಅಪ್ಪಂದಿರು ಸೇರಿ ಡಿಪೋಗೆ ಹೋಗಿ ಕೇಳಿ. ಮದುವೆಗೆ ಸಾಲ ಮಾಡಲು ಹತ್ತು ಬಾಗಿಲು ತಿರುಗುತ್ತೇವೆ. ಬಸ್ಸಿಗಾಗಿ ಒಂದು ಬಾಗಿಲು ತಿರುಗಲು ಆಗುವುದಿಲ್ಲವೇ?

ಗುಳೆ ಹೋದವರಿಗೂ ಹೇಳುತ್ತೇನೆ, ದೂರ ಇದ್ದೇವೆ ಅಂತ ಬಿಡಬೇಡಿ. ನಮ್ಮ ಶಾಲೆಯ ಒಬ್ಬ ಹುಡುಗ ಅಜ್ಜಿ ಹತ್ತಿರ ಇದ್ದಾನೆ. ಅಪ್ಪ ಅವ್ವ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸ. ರಾತ್ರಿ ಎಂಟೂವರೆಗೆ ಅವ್ವನ ಫೋನು ಬಂದೇ ಬರುತ್ತದೆ. ಓದಿದೆಯಾ ಅಂತ ಕೇಳುವುದಿಲ್ಲವಂತೆ. “ಇವತ್ತು ಊಟಕ್ಕ ಯಾರ ಜೊತಿ ಕುಂತಿದ್ದಿ?” ಇದು ಮೊದಲ ಪ್ರಶ್ನೆ. ಅವನ ಗೆಳೆಯರ ಹೆಸರೆಲ್ಲಾ ಆ ತಾಯಿಗೆ ಬಾಯಿಪಾಠ. ಒಬ್ಬ ಗೆಳೆಯ ಗುಟ್ಕಾ ತಿನ್ನಲು ಶುರು ಮಾಡಿದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು. ನಾನು ದಿನಾ ಎದುರಿಗೆ ನೋಡುವವಳು, ಅವರು 400 ಕಿಲೋಮೀಟರ್ ಆಚೆ.

ಮೊಬೈಲ್ ಬಗ್ಗೆ ಹೇಳಿ ಅಂತ ತುಂಬಾ ಜನ ಕೇಳಿದ್ದೀರಿ. ಒಂದೇ ಮಾತು. ರಾತ್ರಿ ಮಲಗುವಾಗ ಮನೆಯ ಎಲ್ಲಾ ಫೋನೂ ಒಂದೇ ಕಡೆ ಇಡಿ, ನಿಮ್ಮದೂ ಸೇರಿಸಿ. ಇನ್ನು ಬೈಕ್. 15 ವರ್ಷದವನ ಕೈಗೆ ಕೀಲಿ ಕೊಟ್ಟು, ನಮ್ಮ ಹುಡುಗ ಎಷ್ಟು ಚಲೋ ಓಡಿಸ್ತಾನ ಅಂತ ಖುಷಿ ಪಡಬೇಡಿ. 2019ರ ಕಾನೂನಿನ ಪ್ರಕಾರ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಜೈಲು ಎರಡೂ ಅಪ್ಪನಿಗೇ. ದಂಡದ ಮಾತು ಹಾಗಿರಲಿ, ಹೋದ ಮಗ ಬರುವುದಿಲ್ಲ.

ಕಾಗದ ಪತ್ರದ ಕೆಲಸವೂ ಪಾಲಕರದ್ದೇ. 371ಜೆ ಸರ್ಟಿಫಿಕೇಟ್, ಅಂದರೆ ನಾವು ಕಲ್ಯಾಣ ಕರ್ನಾಟಕದವರು ಅಂತ ತೋರಿಸುವ ಕಾಗದ, ಇಲ್ಲದೆ ನಮ್ಮ ಭಾಗದ ಮಕ್ಕಳಿಗೆ ಇರುವ ಸೀಟು ಸಿಗುವುದಿಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ನಮ್ಮ ಮಕ್ಕಳಿಗೇ ಅಂತ ಇಟ್ಟಿದ್ದಾರೆ. ರಿಸಲ್ಟ್ ಬಂದ ಮೇಲೆ ಆಫೀಸಿಗೆ ಓಡಾಡುವುದಕ್ಕಿಂತ ಒಂಬತ್ತನೇ ಕ್ಲಾಸಿನಲ್ಲೇ ಮಾಡಿಸಿ ಇಡಿ. ಮಗನನ್ನೂ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅರ್ಜಿಯನ್ನು ಅವರ ಕೈಯಲ್ಲೇ ತುಂಬಿಸಿ.

ಆ ಮೊದಲು ಹೇಳಿದ ಅಪ್ಪನ ವಿಷಯ ಹೇಳುವುದು ಉಳಿಯಿತು. ಅವತ್ತು ಅವರು ಗೇಟು ದಾಟುವ ಮೊದಲು ಓಡಿಹೋಗಿ ನಿಲ್ಲಿಸಿದೆ. “ಅಣ್ಣಾ, ಒಂದು ಕೆಲಸ ಮಾಡ್ರಿ. ದಿನಾ ರಾತ್ರಿ ಊಟ ಆದಮ್ಯಾಲೆ ಅವನ ಗಣಿತದ ನೋಟ್‌ಬುಕ್ ತೆಗೆಸ್ರಿ. ಇವತ್ತು ಏನು ಮಾಡಿದ್ರಿ, ನನಗ ಹೇಳು ಅನ್ರಿ. ನಿಮಗ ತಿಳೀದಿದ್ರೂ ಪರವಾಗಿಲ್ಲ, ಪೂರ್ತಿ ಕೇಳ್ರಿ” ಅಂದೆ. ತಲೆ ಆಡಿಸಿದರು. ಮಾಡುತ್ತಾರೆ ಅಂತ ನನಗೆ ನಂಬಿಕೆ ಇರಲಿಲ್ಲ.

ಸಂಕ್ರಾಂತಿ ಆದಮೇಲೆ ಮತ್ತೆ ಸಭೆ ಇತ್ತು. ಬಂದರು. ಈ ಸಲವೂ ಕುರ್ಚಿಯ ಮೇಲೆ ಕೂರಲಿಲ್ಲ, ಆದರೆ ಬಾಗಿಲು ದಾಟಿ ಮೇಜಿನ ತನಕ ಬಂದರು. ಅಂಕ ಎಷ್ಟು ಅಂತ ಕೇಳಲಿಲ್ಲ.

“ಮೇಡಂ, ಈ ಎಕ್ಸ್ ಅಂದ್ರ ಏನ್ರೀ? ಇವ ದಿನಾ ಎಕ್ಸ್, ಎಕ್ಸ್ ಅಂತಾನ.”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹುಡುಗ ಹೇಳಿದ. “ಯಪ್ಪಾ, ಎಷ್ಟು ಹೇಳೀನಿ ನಿನಗ. ಎಷ್ಟು ಐತಿ ಅಂತ ಗೊತ್ತಿಲ್ಲಲ್ಲ, ಅದಕ್ಕ ಇಟ್ಟ ಹೆಸರು ಅದು.”

“ಅಂಗಾರ ಹ್ಯಾಂಗ ಹುಡುಕ್ತಿ ಅದನ್ನ? ತೋರಿಸು.”

ಹುಡುಗ ನನ್ನ ಮೇಜಿನ ಮೇಲಿದ್ದ ಪೆನ್ನು ತಗೊಂಡ.