‘ತಿಳೀತ್ರೀ ಸರ್’ ಅಂದ ಮೇಲೆ

ಕೇಳುಗರಿಗೆ, ಅದರಲ್ಲೂ ವಿಜಯಪುರ ಜಿಲ್ಲೆಯ ಶಿಕ್ಷಕರಿಗೂ, ಶಾಲೆಗಳಿಗೆ ಭೇಟಿಕೊಟ್ಟು ಶಿಕ್ಷಕರಿಗೆ ನೆರವಾಗುವ ಸಿ.ಆರ್.ಪಿ.ಗಳಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೂ) ನಮಸ್ಕಾರ.

‘ತಿಳೀತಿಲ್ಲೋ?’ ಎಂದರೆ ನಮ್ಮ ಕಡೆ ಇಡೀ ತರಗತಿ ‘ತಿಳೀತ್ರೀ ಸರ್’ ಎನ್ನುತ್ತದೆ. ಅದನ್ನು ನಂಬಿ ಮುಂದಿನ ಲೆಕ್ಕಕ್ಕೆ ಹೋಗುವ ಮೊದಲು ಐದನೇ ತರಗತಿಯಲ್ಲಿ ಇದೊಂದು ಕೇಳಿ ನೋಡಿ: ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ? ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಹಾಗಾಗಿ ನಾಲ್ಕರಲ್ಲೊಂದೇ ದೊಡ್ಡದು ಎನ್ನುವ ಮಕ್ಕಳು ಬಹಳ. ಸರಿಯುತ್ತರವನ್ನು ಹಲಗೆಯ ಮೇಲೆ ಬರೆದರೆ ಬರೆದುಕೊಳ್ಳುತ್ತಾರೆ. ಹಳೆಯ ತರ್ಕ ಮಾತ್ರ ತಲೆಯಲ್ಲೇ ಉಳಿಯುತ್ತದೆ.

ಸುಗಮಕಾರರಾದ, ಅಂದರೆ ಮಕ್ಕಳೇ ಕಲಿಯಲು ದಾರಿ ಮಾಡಿಕೊಡುವ ಶಿಕ್ಷಕರು ಇಲ್ಲಿ ಉತ್ತರ ಹೇಳಬಾರದು. ಪ್ರತಿ ಮಗುವಿಗೂ 12 ಸೆಂಟಿಮೀಟರ್ ಉದ್ದದ ಎರಡು ಕಾಗದದ ಪಟ್ಟಿ ಕೊಡಲಿ. ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಪಾಲಾಗಿ ಮಡಿಸಿದರೆ 4 ಸೆಂಟಿಮೀಟರಿನ ಪಾಲೂ 3 ಸೆಂಟಿಮೀಟರಿನ ಪಾಲೂ ಎದುರಿಗೇ ಬರುತ್ತವೆ. ಪಟ್ಟಿಗಳ ಉದ್ದ ಹೆಚ್ಚುಕಡಿಮೆಯಾದರೆ ಹೋಲಿಕೆಯೇ ಕೆಟ್ಟಿತು. ಮೂರಾಗಿ ಮಡಿಸುವುದು ಕಷ್ಟ, ತಡವರಿಸಲಿ ಬಿಡಿ. ಗುಂಪಿಗೆ ನಾಲ್ವರು ಸಾಕು. ಏಳೆಂಟಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ. ತಾಂಡಾದ ಮಕ್ಕಳು ತಮ್ಮತಮ್ಮಲ್ಲಿ ಲಂಬಾಣಿಯಲ್ಲೇ ಚರ್ಚಿಸಿ, ಆಮೇಲೆ ಕನ್ನಡದಲ್ಲಿ ಹೇಳಲಿ.

ಬಳಿಕ ‘ಹ್ಯಾಂಗ ಗೊತ್ತಾತು?’ ಎಂದು ಕೇಳಿ ಸುಮ್ಮನಿರಬೇಕು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂಬುದನ್ನು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದವರೂ ಮಾತಾಡಿದರು. ಮಗು ಉತ್ತರಿಸಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು. ಎಡವುವುದು ಇಲ್ಲೇ. ಮೌನ ತಡೆಯಲಾರದೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತೇವೆ, ಮಗು ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ.

ಹೀಗೆ ಕೇಳಿ ಕಾಯುವುದು ತರಬೇತಿಯ ಸಭಾಂಗಣದಲ್ಲಿ ಬರುವ ರೂಢಿಯಲ್ಲ. (ಮಾತು ಕಡಿಮೆ ಮಾಡಿ ಎಂದು ದಿನವಿಡೀ ಮಾತಾಡುವ ತರಬೇತಿಗಳೂ ಉಂಟು!) ಸಿ.ಆರ್.ಪಿ.ಗಳು ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತು, ವಹಿಯ ಎಡಕ್ಕೆ ಶಿಕ್ಷಕರ ಪ್ರಶ್ನೆ, ಬಲಕ್ಕೆ ಮಗುವಿನ ಮಾತು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಲಿ. ನಡುವೆ ಎದ್ದು ಸೀಮೆಸುಣ್ಣ ಹಿಡಿಯುವುದು ಬೇಡ. ಪಾಠ ಮುಗಿದ ಮೇಲೆ ವಹಿಯನ್ನು ಮುಂದಿಟ್ಟು, ‘ಮೇಡಂ, ಮಕ್ಕಳು ಎಲ್ಲಿ ಸಿಕ್ಕೊಂಡ್ರು ಅನಸ್ತೈತ್ರಿ?’ ಎಂದರೆ ಸಾಕು, ಅವರೇ ಬೆರಳಿಟ್ಟು ತೋರಿಸುತ್ತಾರೆ. ಹತ್ತು ಸಲಹೆ ಕೊಟ್ಟರೆ ಒಂದೂ ನಿಲ್ಲುವುದಿಲ್ಲ. ಒಂದೇ ಬದಲಾವಣೆ ಗೊತ್ತುಮಾಡಿಕೊಂಡು, ಮುಂದಿನ ಭೇಟಿಯಲ್ಲಿ ಅದನ್ನಷ್ಟೇ ನೋಡಿ. ಆ ಟಿಪ್ಪಣಿ ಶಿಕ್ಷಕರ ಬಳಿಯೇ ಉಳಿಯಲಿ. ಅದು ಮೇಲಿನವರ ವರದಿಗೆ ಸೇರಿತೋ, ಮುಂದಿನ ಸಲ ನಿಮಗೆ ಕಾಣುವುದು ಹಿಂದಿನ ದಿನವೇ ತಾಲೀಮು ಮಾಡಿಸಿಟ್ಟ ಪಾಠ.