ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2: ಅಸಿಸ್ಟ್ ಬಟನ್ ಒತ್ತುವ ಮುನ್ನ

[ದೃಶ್ಯ: ಪಂದ್ಯದ ತುಣುಕು. ಪರದೆಯ ತುಂಬ ಕಿರಣಗಳು, ಏಕಕಾಲಕ್ಕೆ ನಾಲ್ಕು ಪಾತ್ರಗಳು.]

ನಮಸ್ಕಾರ. ಈ ಆಟವನ್ನು ಮೊದಲ ಸಲ ನೋಡುವವರಿಗೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಆದರೆ ಈ ಗದ್ದಲದ ಹಿಂದೆ ಬಹಳ ಕಟ್ಟುನಿಟ್ಟಾದ ಲೆಕ್ಕಾಚಾರವಿದೆ, ಮತ್ತು ಅದರ ಬಹುಪಾಲು ಒಂದೇ ಬಟನ್ನಿನ ಸುತ್ತ ಸುತ್ತುತ್ತದೆ.

ಕ್ಯಾಪ್‌ಕಾಮ್ ಸಂಸ್ಥೆ 1994ರಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಎಕ್ಸ್-ಮೆನ್ ಪಾತ್ರಗಳನ್ನಿಟ್ಟುಕೊಂಡು ಆರ್ಕೇಡ್ ಫೈಟಿಂಗ್ ಗೇಮ್ ಒಂದನ್ನು ತಂದಿತು. 1996ರ ಹೊತ್ತಿಗೆ ಒಬ್ಬ ಆಟಗಾರ ಎರಡು ಪಾತ್ರಗಳನ್ನು ಬದಲಿಸುತ್ತ ಆಡುವ ಪದ್ಧತಿ ಬಂದಿತು. 2000ದಲ್ಲಿ ಬಂದ ಈ ಆಟದಲ್ಲಿ 56 ಪಾತ್ರಗಳಿದ್ದು, ಪ್ರತಿಯೊಬ್ಬರೂ ಮೂರು ಪಾತ್ರಗಳ ತಂಡ ಕಟ್ಟಿಕೊಳ್ಳಬೇಕು. ಆರು ಬಟನ್‌ಗಳಲ್ಲಿ ನಾಲ್ಕು ಹೊಡೆತಕ್ಕೆ ಮೀಸಲಾಗಿದ್ದರೆ, ಉಳಿದೆರಡು ಹೊರಗೆ ಕಾಯುತ್ತಿರುವ ಇಬ್ಬರು ಜೊತೆಗಾರರನ್ನು ಕ್ಷಣಕಾಲ ಕರೆಸಿಕೊಳ್ಳುವುದಕ್ಕೆ. ಇದನ್ನೇ ಅಸಿಸ್ಟ್ ಎನ್ನುತ್ತಾರೆ.

[ದೃಶ್ಯ: ನಿಧಾನಗತಿಯಲ್ಲಿ ಕ್ಯಾಪ್ಟನ್ ಕಮಾಂಡೊ ಅಸಿಸ್ಟ್.]

ಇಲ್ಲಿ ಗಮನಿಸಿ. ಎದುರಾಳಿ ಮೇಲಿನಿಂದ ಎರಗುತ್ತಿರುವಾಗ ಅಸಿಸ್ಟ್ ಬಟನ್ ಒತ್ತಿದರೆ, ಕ್ಯಾಪ್ಟನ್ ಕಮಾಂಡೊ ಒಳಗೆ ನುಗ್ಗಿ ನೆಲದಿಂದ ಮೇಲಕ್ಕೆ ಮಿಂಚಿನ ಕಂಬವೊಂದನ್ನು ಎಬ್ಬಿಸುತ್ತಾನೆ. ಎದುರಾಳಿ ಅದಕ್ಕೆ ಸಿಕ್ಕಿಬಿದ್ದರೆ ನಿಮ್ಮ ಮುಖ್ಯ ಪಾತ್ರ ಅಲ್ಲಿಂದಲೇ ಕಾಂಬೊ, ಅಂದರೆ ಬಿಡುವಿಲ್ಲದ ಹೊಡೆತಗಳ ಸರಣಿಯನ್ನು, ಮುಂದುವರಿಸಬಹುದು. ಅವನು ಬ್ಲಾಕ್ ಮಾಡಿದರೂ, ಅಂದರೆ ಹೊಡೆತವನ್ನು ತಡೆದರೂ, ಕೆಲಹೊತ್ತು ಕಟ್ಟಿಹಾಕಿದಂತಾಗಿ, ಹತ್ತಿರ ಹೋಗಲು ನಿಮಗೆ ಸಮಯ ದೊರೆಯುತ್ತದೆ. ಒಂಟಿಯಾಗಿ ಹೋರಾಡಲು ಮ್ಯಾಗ್ನೀಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್ ಅವರಷ್ಟು ಸಮರ್ಥನಲ್ಲದ ಈ ಪಾತ್ರವನ್ನು ನುರಿತ ಆಟಗಾರರು ತಂಡಕ್ಕೆ ಸೇರಿಸಿಕೊಳ್ಳುವುದು ಬಹುತೇಕ ಈ ಒಂದು ಕಂಬಕ್ಕಾಗಿ.

ಹಾಗೆಂದು ಕಂಡಾಗಲೆಲ್ಲ ಬಟನ್ ಒತ್ತುವಂತಿಲ್ಲ, ಏಕೆಂದರೆ ಕರೆಸಿಕೊಂಡ ಜೊತೆಗಾರ ಬ್ಲಾಕ್ ಮಾಡಲಾರ. ಎದುರಿಗೆ ಕೇಬಲ್ ಇದ್ದು, ಅವನ ಹೈಪರ್ ಮೀಟರ್, ಅಂದರೆ ಅತಿ ಪ್ರಬಲ ದಾಳಿಗೆ ಬೇಕಾದ ಶಕ್ತಿಯ ಪಟ್ಟಿ, ತುಂಬಿದೆ ಎಂದುಕೊಳ್ಳಿ. ನೀವು ದೂರದಿಂದ ಅಸಿಸ್ಟ್ ಕರೆದ ಮರುಗಳಿಗೆಯೇ ಅವನು ಗಾಳಿಯಲ್ಲಿ ಹಾರಿ ಬಂದೂಕಿನ ಕಿರಣ ಹರಿಸಿದರೆ ಜೊತೆಗಾರನ ಆಯುಷ್ಯದ ದೊಡ್ಡ ಭಾಗವೇ ಕರಗಿಹೋಗುತ್ತದೆ. ಹೊರಗಿರುವ ಪಾತ್ರದ ಆಯುಷ್ಯಪಟ್ಟಿಯ ಕೆಂಪು ಭಾಗ ನಿಧಾನವಾಗಿ ಮರಳಿ ತುಂಬುತ್ತದೆಯಾದರೂ, ಪದೇಪದೇ ಅವನನ್ನೇ ಕರೆದು ಹೊಡೆತ ತಿನ್ನಿಸಿದರೆ ಆ ಸೌಲಭ್ಯದಿಂದ ಪ್ರಯೋಜನವಿಲ್ಲ. ಹೊಸಬರು ತಮ್ಮ ಆಯುಷ್ಯವನ್ನಷ್ಟೇ ನೋಡುತ್ತಾರೆ. ಎದುರಾಳಿಯ ಮೀಟರನ್ನು ನೋಡುವ ಅಭ್ಯಾಸ ಅದಕ್ಕಿಂತ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೇಗದ ವಿಷಯಕ್ಕೆ ಬರೋಣ. ಆಟ ಸೆಕೆಂಡಿಗೆ 60 ಫ್ರೇಮ್‌ಗಳಂತೆ, ಅಂದರೆ 60 ಚಿತ್ರಗಳಂತೆ, ಓಡುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು, ಅಂದರೆ ಸುಮಾರು 12 ಫ್ರೇಮ್. ಅನೇಕ ಹೊಡೆತಗಳು ಅಷ್ಟರೊಳಗೆ ಬಂದು ತಾಗಿರುತ್ತವೆ. ಆದ್ದರಿಂದ ನುರಿತವರು ಹೊಡೆತವನ್ನು ಕಂಡು ತಡೆಯುತ್ತಾರೆ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ನಿಜವಲ್ಲ. ಆ ಸ್ಥಾನದಿಂದ, ಆ ಅಸಿಸ್ಟ್‌ನೊಂದಿಗೆ ಎದುರಾಳಿ ಏನೇನು ಮಾಡಬಲ್ಲ ಎಂಬುದನ್ನು ಅವರು ಮೊದಲೇ ಬಲ್ಲರು, ಮತ್ತು ಆ ಕೆಲವೇ ಸಾಧ್ಯತೆಗಳಿಗೆ ಕೈಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ.

[ದೃಶ್ಯ: ಬ್ಲಾಕ್ ಮಾಡುತ್ತಲೇ ಎದುರಾಳಿಯನ್ನು ಹಿಂದಕ್ಕೆ ತಳ್ಳುವ ತುಣುಕು.]

ಮೂಲೆಗೆ ಸಿಕ್ಕಿಬಿದ್ದಾಗ ಗಾಬರಿಯಾಗಬೇಕಿಲ್ಲ. ಬ್ಲಾಕ್ ಮಾಡುತ್ತಿರುವಾಗಲೇ ಎರಡೂ ಪಂಚ್ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ಎದುರಾಳಿ ದೂರ ತಳ್ಳಲ್ಪಡುತ್ತಾನೆ. ಇದನ್ನು ಪುಷ್‌ಬ್ಲಾಕ್ ಎನ್ನುತ್ತಾರೆ. ಉದ್ದನೆಯ ಕಾಂಬೊಗಳಿಗಿಂತ ಮೊದಲು ಕಲಿಯಬೇಕಾದದ್ದು ಇದೇ.

2024ರಲ್ಲಿ ಬಂದ ಹಳೆಯ ಆರ್ಕೇಡ್ ಆಟಗಳ ಸಂಗ್ರಹದಲ್ಲಿ ಈ ಆಟವೂ ಸೇರಿದ್ದು, ಅದರಲ್ಲಿ ಅಭ್ಯಾಸದ ವಿಭಾಗವಿದೆ. ಅಲ್ಲಿ ಒಂದೇ ತಂಡವನ್ನು ಇಟ್ಟುಕೊಂಡು, ಪ್ರತಿ ಅಸಿಸ್ಟ್ ಎಷ್ಟು ದೂರ ತಲುಪುತ್ತದೆ, ಜೊತೆಗಾರ ಎಷ್ಟು ಹೊತ್ತು ಪರದೆಯ ಮೇಲೆ ಅಸುರಕ್ಷಿತನಾಗಿ ನಿಂತಿರುತ್ತಾನೆ ಎಂಬುದನ್ನು ಗಮನಿಸಿ. ಮುಂದಿನ ವಿಡಿಯೋದಲ್ಲಿ ಸೂಪರ್ ಜಂಪ್ ಮತ್ತು ಗಾಳಿಯಲ್ಲಿನ ಕಾಂಬೊಗಳನ್ನು ನೋಡೋಣ.