ಟಿಎಲ್‌ಡಿ ಮಾತ್ರೆಯೂ ಗುಲಾಬಿ ಸಿರಪ್ಪೂ

ನಮಸ್ಕಾರ. ಎಚ್‌ಐವಿ ಎಂದೊಡನೆ ನಮ್ಮಲ್ಲಿ ದನಿ ತಗ್ಗುತ್ತದೆ. ಇವತ್ತು ಅದರ ಮಾತ್ರೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತೇನೆ.

ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಟಿಎಲ್‌ಡಿ ಎಂಬ ಒಂದು ಮಾತ್ರೆಯಲ್ಲಿ ಮೂರು ಔಷಧಗಳಿವೆ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಮೊದಲೆರಡು, ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡಿಕೊಳ್ಳದಂತೆ ತಡೆಯುತ್ತವೆ. ಮೂರನೆಯದು, ಆ ನಕಲು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರದಂತೆ ನೋಡಿಕೊಳ್ಳುತ್ತದೆ. ಆದರೆ ಮೊದಲೇ ಒಳಸೇರಿ ಅಡಗಿ ಕುಳಿತ ವೈರಸ್ಸನ್ನು ಇದು ಹೊರಗಟ್ಟಲಾರದು. ಹಾಗಾಗಿ ಬದುಕಿರುವವರೆಗೂ ದಿನಕ್ಕೊಂದು.

ತಲೆಸುತ್ತು, ವಿಚಿತ್ರ ಕನಸುಗಳಿಂದ ಕಾಡುತ್ತಿದ್ದ ಹಳೆಯ ಎಫಾವಿರೆಂಝ್‌ಗೆ ಹೋಲಿಸಿದರೆ ಇದು ಸಾಧು ಮಾತ್ರೆ. ತೂಕ ಏರಬಹುದು, ಕೆಲವರಿಗೆ ನಿದ್ದೆ ಕೆಡಬಹುದು, ಮೂತ್ರಪಿಂಡದ ತಪಾಸಣೆ ಬೇಕು.

ನನ್ನ ತಕರಾರು ಬೇರೆ. ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರು 'ಒಂದು ದಿನವೂ ತಪ್ಪಿಸಬೇಡಿ' ಎಂದು ಹೇಳಿ ಕಳಿಸುತ್ತಾರೆ. ರೋಗಿ ಡಬ್ಬಿಯ ಲೇಬಲ್ ಕೆರೆದು ತೆಗೆದು, ಬಟ್ಟೆಗಳ ನಡುವೆ ಬಚ್ಚಿಡುತ್ತಾನೆ. ಎದೆಯುರಿ ಎಂದು ಊರಿನ ವೈದ್ಯರ ಬಳಿ ಹೋದಾಗಲೂ ಬಾಯಿ ಬಿಡುವುದಿಲ್ಲ. ಅವರು ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಬರೆದುಕೊಡುತ್ತಾರೆ. ಅದರಲ್ಲಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು, ಅದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ದಿನ ತಪ್ಪಿಸದೆ ನುಂಗಿದವನಿಗೂ ಔಷಧ ಅರೆಬರೆ! ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಜೊತೆಗೆ ನುಂಗಿದರೂ ಇದೇ ಕಥೆ, ಊಟದೊಂದಿಗಾದರೆ ತೊಂದರೆಯಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ಗೆ ಮಿತಿ ಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ.

ಮುಚ್ಚಿಟ್ಟಿದ್ದು ಅವನ ತಪ್ಪೇ? ನಾನು ಹಾಗೆನ್ನಲಾರೆ. ತಾರತಮ್ಯ ಮಾಡಬಾರದೆಂಬ 2017ರ ಕಾಯ್ದೆ ಇದೆ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ ಎಂಬುದೂ ಸಾಬೀತಾಗಿದೆ. ಆದರೂ ಸರತಿಯಲ್ಲಿ ನಿಂತ ಹತ್ತು ಜನರ ಎದುರು 'ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?' ಎಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ವೈದ್ಯರೇ, ಬಾಗಿಲು ಮುಚ್ಚಿ ಕೇಳಿ.

ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ: ಮೊದಲು ಟಿಎಲ್‌ಡಿ, ಕನಿಷ್ಠ ಎರಡು ಗಂಟೆಯ ನಂತರ ಸಿರಪ್. ಸಿರಪ್ ಮೊದಲೇ ಕುಡಿದಿದ್ದರೆ ಆರು ಗಂಟೆ ಬಿಡಿ. ಹೊಸ ಔಷಧ ಯಾವುದೇ ಬರಲಿ, ಚೀಟಿಯನ್ನು ಎಆರ್‌ಟಿ ಕೇಂದ್ರದಲ್ಲೊಮ್ಮೆ ತೋರಿಸಿ. ಅಲ್ಲಿ ನಿಮ್ಮ ವಿಷಯ ಹೇಗೂ ಗೊತ್ತಿದೆ.